ರಟ್ಟೆ ಯಾರದು, ದುಡಿಮೆ ಎಂಥದು

— ತಮ್ಮಾ, ದಸರಾ ಹಬ್ಬಕ್ಕ ಊರಿಗಿ ಬಂದೀ, ಆರಾಮ ಮಾಡ್ಲಿಕ್ಕೆ ಬಿಡಬೇಕಾಗಿತ್ತು. ಆದ್ರ ನೀ ಎಲುಬಿನ ಡಾಕ್ಟರ್, ನಿನಗ ಕೇಳದ ಯಾರಿಗಿ ಕೇಳಲಿ? ನಮ್ಮ ಹುಡುಗನ ಬಲ ರಟ್ಟಿ ಮ್ಯಾಲಿಂದ ಮ್ಯಾಲ ಕಳಚ್ಲಿಕತ್ತದ. ವಿಜಾಪುರದಾಗ ತೋರಿಸಿದ್ವಿ. ಕೊಯ್ದು, ಎಲುಬಿನ ತುಂಡು ಕೂಡಿಸಿ ಸ್ಕ್ರೂ ಹಾಕಬೇಕು ಅಂದ್ರು. ನಮ್ಮ ಅಳಿಯಗೂ ಇದೇ ಬ್ಯಾನಿ. ಅವಗ ಸಣ್ಣ ತೂತ ಹಾಕಿ ದುರ್ಬೀನ್‌ಲೇ ಹೊಲದ್ರ ಸಾಕು ಅಂದ್ರು. ಇಬ್ಬರಿಗೂ ಹೇಳಿದ ಡಾಕ್ಟರು ಒಬ್ಬರೇ. ಒಂದೇ ಬ್ಯಾನಿಗಿ ಎರಡು ನಮೂನಿ ಆಪರೇಷನ್ ಹ್ಯಾಂಗ?

— ಇಬ್ಬರಿಗೂ ಒಂದೇ ಆಪರೇಷನ್ ಹೇಳಿದ್ರ ನನಗ ಸಂಶಯ ಬರ್ತಿತ್ತು ಕಾಕಾ. ಮೊದಲ ಹುಡುಗಂದು ಹೇಳ್ರಿ. ವಯಸ್ಸೆಷ್ಟು? ಮೊದಲನೇ ಸಲ ಹ್ಯಾಂಗ ಕಳಚ್ತು?

— 19 ನಡದಾವ. ಪಿಯುಸಿ ಓದುವಾಗ ಕಬಡ್ಡ್ಯಾಗ ಹಿಡದವರು ತೋಳು ಹಿಂದಕ್ಕ ಜಗ್ಗಿದ್ರು. ಎಲುಬು ಕೂಡಸೋ ಮುತ್ಯಾ ಒಬ್ಬಾಂವ ಅಲ್ಲೇ ಕೂಡಿಸಿದ. ಎಂಟ ದಿನಕ್ಕ ಪಟ್ಟಿ ಬಿಚ್ಚಿ ಮತ್ತ ತಾಲೀಮಿಗಿ ಹೋದ. ಜಾತ್ರ್ಯಾಗ ಕುಸ್ತಿ ಹಿಡಿಯೋ ಹುಡುಗ, ಸುಮ್ಮ ಕೂಡ್ತಾನೇನು? ಆಮ್ಯಾಲ ಕುಸ್ತ್ಯಾಗ ಕಳಚ್ತು. ಬಸ್ಸಿನ್ಯಾಗ ಮ್ಯಾಲಿನ ಕಂಬಿ ಹಿಡದಾಗ ಕಳಚ್ತು. ಈಗಂತೂ ಮಲಗಿದಲ್ಲೇ ಕಳಚ್ತದ. ರಾತ್ರಿ ಟವೆಲ್‌ಲೇ ತೋಳು ಎದಿಗಿ ಬಿಗಿದು ಕಟ್ಕೊಂಡು ಮಲಗ್ತಾನ.

— ಮಲಗಿದಲ್ಲೇ ಕಳಚ್ತದ ಅಂದ್ರಿ ನೋಡ್ರಿ, ಅದು ಎಕ್ಸ್-ರೇ ನೋಡೂಕಿಂತ ಮೊದಲೇ ನನಗ ಅರ್ಧ ಸುದ್ದಿ ಹೇಳ್ತು. ಎಲುಬು ಸವದದ ಅಂತ ಅನುಮಾನ ಬರ್ತದ. ಈ ಕೀಲಿನ ಕಟ್ಟಣಿಕೀನ ಹಂಗದ. ಚಹಾದ ಬಶಿ ನಿಲ್ಲಿಸಿ ಅದಕ್ಕ ದೊಡ್ಡ ಚೆಂಡು ಆನಿಸಿದಂಗ. ರಟ್ಟಿ ಎಲುಬಿನ ಗುಂಡಗಿನ ತಲಿ ಚೆಂಡು, ರೆಕ್ಕಿ ಎಲುಬಿನ ಮ್ಯಾಲಿನ ತಗ್ಗು ಬಶಿ. ಯಾವಾಗ ನೋಡಿದ್ರೂ ಆ ಚೆಂಡಿನ ಕಾಲುಭಾಗ, ಹೆಚ್ಚಂದ್ರ ಮೂರನೇ ಒಂದು ಭಾಗ ಅಷ್ಟ ಬಶಿಗಿ ತಾಕಿರ್ತದ. ಅದಕ್ಕೇ ತೋಳು ಸುತ್ತ ತಿರಗ್ತದ, ಅದಕ್ಕೇ ಜಾರ್ತದ. ಬಶಿ ಸುತ್ತ ರಬ್ಬರಿನಂಥಾ ಒಂದು ಅಂಚು ಇರ್ತದ, ಲೇಬ್ರಮ್ ಅಂತೀವಿ. ಮುಂದಕ್ಕ ಜಾರುವಾಗ ಅದು ಹರೀತದ. 1923ರಾಗ ಲಂಡನ್ನಿನ ಬ್ಯಾಂಕಾರ್ಟ್ ಅನ್ನೋ ಸರ್ಜನ್, ರಟ್ಟಿ ಮತ್ತ ಮತ್ತ ಕಳಚ್ಲಿಕ್ಕೆ ಈ ಹರಕ ಕಾರಣ, ಇದನ್ನ ವಾಪಸ್ ಎಲುಬಿಗಿ ಹೊಲೀಬೇಕು ಅಂತ ಬರದ. ನಿಮ್ಮ ಅಳಿಯಗ ಹೇಳಿದ್ದು ಅದ. ಈಗ ದುರ್ಬೀನ್ ಹಾಕಿ, ಎಲುಬಿನ್ಯಾಗ ದಾರ ಇದ್ದ ಸಣ್ಣ ಆಂಕರ್ ಮೂರ್ನಾಕು ಬಡದು ಹೊಲೀತಾರ.

— ನಮ್ಮ ಅಜ್ಜನ ಕಾಲದಾಗ ಹಿಂಗ ಕಳಚೋರಿಗಿ ಬಗಲಾಗ ಬರಿ ಕೊಡ್ತಿದ್ರಂತ.

— ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸನ ಪುಸ್ತಕದಾಗೂ ಅದೇ ಬರದದ ಕಾಕಾ. ಕಾಸಿದ ಕಬ್ಬಿಣ ಬಗಲಾಗ ಹಚ್ಚೋದು, ಸುಟ್ಟಲ್ಲಿ ಚರ್ಮ ಗಟ್ಟಿಯಾಗಿ ಬಿಗೀಲಿ ಅಂತ. ನಮ್ಮ ಸುಶ್ರುತ ಹೆಗಲ ಕೀಲು ತಪ್ಪಿದ್ರ ಬಗಲಾಗ ಒನಕಿ ಕೊಟ್ಟು ಮ್ಯಾಲ ಎತ್ತಿ ಕೂಡಸ್ಲಿಕ್ಕೆ, ಆಮ್ಯಾಲ ಸ್ವಸ್ತಿಕದ ಹಂಗ ಪಟ್ಟಿ ಕಟ್ಟಲಿಕ್ಕೆ ಹೇಳ್ಯಾನ. ಕೂಡಸೋದು ಅವತ್ತಿನಿಂದ ಮಂದಿಗಿ ಗೊತ್ತದ. ಮತ್ತ ಕಳಚದಂಗ ಮಾಡೋದ ಕಠಿಣ. ಅದ್ರಾಗೂ ಯಾರಿಗಿ ಮತ್ತ ಕಳಚ್ತದ, ಯಾರಿಗಿ ಇಲ್ಲ ಅಂತ ಮುಂಚೇನ ಹೇಳೋದು.

— ಒಮ್ಮಿ ಕಳಚಿದ್ರ ಎಲ್ಲರಿಗೂ ಮತ್ತ ಕಳಚ್ತದೇನು?

— ಇಲ್ಲ. ಎಡಿನ್‌ಬರೋ ಊರಾಗ 15ರಿಂದ 35 ವಯಸ್ಸಿನ 252 ಮಂದಿನ್ನ, ಮೊದಲನೇ ಸಲ ಕಳಚಿದವರನ್ನ, ಆಪರೇಷನ್ ಮಾಡದ ನೋಡ್ಕೋತ ಹೋದ್ರು. ಎರಡು ವರ್ಷದಾಗ ಅರ್ಧಕ್ಕಿಂತ ಹೆಚ್ಚು ಮಂದಿಗಿ, ಐದು ವರ್ಷದಾಗ ಮೂರರಾಗ ಇಬ್ಬರಿಗಿ ಕೀಲು ಮತ್ತ ಸಡಲ ಆತು. ವಯಸ್ಸು ಸಣ್ಣದಿದ್ದಷ್ಟು ಹೆಚ್ಚು, ಗಂಡುಹುಡುಗರಿಗಿ ಇನ್ನೂ ಹೆಚ್ಚು. ಇದನ್ನ ಕೇಳಿ ಎಲ್ಲಾ ಹುಡುಗರನ್ನೂ ಟೇಬಲ್ ಮ್ಯಾಲ ಮಲಗಸ್ರಿ ಅನ್ನೋರು ಇದ್ದಾರ. ಆದ್ರ ಸ್ವೀಡನ್ನಿನವರು 25 ವರ್ಷ ಬೆನ್ನು ಹತ್ತಿ ನೋಡ್ಯಾರ. ಕಳಚಿದಾಗ 12ರಿಂದ 25 ವಯಸ್ಸು ಇದ್ದವರಾಗ ಅರ್ಧದಷ್ಟು ಕೀಲು ಒಂದೋ ಮತ್ತ ಕಳಚಲೇ ಇಲ್ಲ, ಇಲ್ಲಾ ಕಾಲ ಹೋದಂಗ ತಾವಾಗೇ ಗಟ್ಟಿಯಾದ್ವು. ಆ ಅರ್ಧದವರಿಗಿ ಕತ್ತರಿ ಹಾಕಿದ್ರ ಅದು ಇಲ್ಲದ ಉಸಾಬರಿ ಆಗ್ತಿತ್ತು.

— ಹಂಗಾರ ನಮ್ಮ ಹುಡುಗಂದೂ ತಾನ ಗಟ್ಟಿ ಆಗ್ತದೇನು?

— ನಿಮ್ಮ ಹುಡುಗಂದು ಆ ಹಂತ ದಾಟ್ಯದ. ಎಕ್ಸ್-ರೇ ಕೊಡ್ರಿ ಇಲ್ಲೆ, ಬೆಳಕಿಗಿ ಹಿಡೀತೀನಿ. ಈ ಗುಂಡಗಿನ ತಲಿ ಹಿಂದ ನೋಡ್ರಿ, ಕೊಡಲೀಲೆ ಕಚ್ಚು ಹಾಕಿದಂಗ ಗುಂಡಿ ಕಾಣ್ತದ. ರಟ್ಟಿ ಜಾರಿದಾಗೆಲ್ಲ ಬಶಿ ಅಂಚು ಇಲ್ಲಿ ಒತ್ತಿ ಒತ್ತಿ ಬಿದ್ದದ್ದು ಇದು. 1940ರಾಗ ಹಿಲ್ ಮತ್ತ ಸ್ಯಾಕ್ಸ್ ಅನ್ನೋ ಇಬ್ಬರು ಎಕ್ಸ್-ರೇ ಡಾಕ್ಟರು ಇದನ್ನ ವಿವರವಾಗಿ ಬರದ್ರು, ಅವರ ಹೆಸರೇ ಉಳೀತು. ಈ ಕಡೆ ಬಶಿ ಮುಂದಿನ ಗೆರಿ ನೋಡ್ರಿ. ಮ್ಯಾಲ ದಪ್ಪಗ ಬಿಳೇದು ಕಾಣ್ತದ, ಕೆಳಗ ಬರ್ತಾ ಅಳಿಸಿಹೋಗ್ಯದ. ಅಂಚಿನ ಎಲುಬು ಸವದದ. ಅಂಚು ಹ್ವಾದ ಬಶಿಗಿ ಮೆತ್ತಗಿನ ಅಂಚು ಎಷ್ಟ ಚಂದ ಹೊಲದ್ರೂ ಚೆಂಡು ನಿಂದ್ರಂಗಿಲ್ಲ. 2000ದಾಗ ಬರ್ಕ್‌ಹಾರ್ಟ್, ಡಿ ಬೀರ್ ಅನ್ನೋ ಇಬ್ಬರು ಸರ್ಜನ್‌ರು ತಾವ ದುರ್ಬೀನಿಂದ ಹೊಲದ 194 ರಟ್ಟಿ ಲೆಕ್ಕ ಹಾಕಿದ್ರು. ಎಲುಬು ಸರಿ ಇದ್ದವರಾಗ ನೂರಕ್ಕ ನಾಲ್ಕು ಮಂದಿಗಿ ಅಷ್ಟ ಮತ್ತ ಕಳಚ್ತು. ಎಲುಬು ಬಾಳ ಸವದವರಾಗ ನೂರಕ್ಕ 67. ತಮ್ಮ ಕೈಲೇ ಮಾಡಿದ ಆಪರೇಷನ್ ಸೋತದ್ದನ್ನ ಹಿಂಗ ಬಿಚ್ಚಿ ಬರದ್ರಲ್ಲ, ಅದಕ್ಕೇ ಅವರ ಮ್ಯಾಲ ನನಗ ದೊಡ್ಡ ಗೌರವ.

— ಅಂದ್ರ ಎಲುಬು ಒಂದ ನೋಡಿದ್ರ ಆತಲ್ಲ? ವಯಸ್ಸು ಯಾಕ ಕೇಳ್ದಿ, ಮೊದಲನೇ ಸಲ ಹ್ಯಾಂಗ ಕಳಚ್ತು ಅಂತ ಯಾಕ ಕೇಳ್ದಿ?

— ಎಲುಬು ಒಂದ ಸಾಲಂಗಿಲ್ಲ. 2007ರಾಗ ಬಾಲ್ಗ್, ಬುವಾಲೋ ಅನ್ನೋ ಇಬ್ಬರು ಫ್ರಾನ್ಸಿನ ನೀಸ್ ಊರಾಗ ದುರ್ಬೀನಿಂದ ಹೊಲಿಸಿಕೊಂಡ 131 ಮಂದಿನ್ನ ನೋಡಿ, ಯಾರಿಗಿ ಸೋತದ ಅಂತ ಹುಡುಕಿ, 10 ಅಂಕದ ಒಂದು ಲೆಕ್ಕ ಕಟ್ಟಿದ್ರು. ಆಪರೇಷನ್ ಹೊತ್ತಿಗಿ ವಯಸ್ಸು 20 ಅಥವಾ ಅದರೊಳಗ ಇದ್ರ 2. ಪಂದ್ಯಕ್ಕ ಇಳಿಯೋ ಆಟಗಾರ ಇದ್ರ 2. ಮೈಗಿ ಮೈ ಹಾಯೋ ಆಟ, ಇಲ್ಲಾ ತಲಿ ಮ್ಯಾಲ ತೋಳು ಬೀಸೋ ಆಟ ಇದ್ರ 1. ಹುಟ್ಟಿನಿಂದಲೇ ಕೀಲು ಸಡಲ ಇದ್ರ 1. ಎಕ್ಸ್-ರೇದಾಗ ಹಿಂದಿನ ಗುಂಡಿ ಕಂಡ್ರ 2, ಬಶಿ ಗೆರಿ ಅಳಿಸಿದ್ರ 2. ಹಿಂಗ ಕೂಡಿಸಿ 6 ದಾಟಿದವರಿಗಿ ಹೊಲದದ್ದು ನೂರಕ್ಕ 70 ಸೋತಿತ್ತು. 3ರೊಳಗ ಇದ್ದವರಿಗಿ ನೂರಕ್ಕ 5 ಅಷ್ಟ. ಈಗ ನಿಮ್ಮ ಹುಡುಗಂದು ಕೂಡಸ್ರಿ. ಕೀಲು ಹುಟ್ಟಾ ಸಡಲ ಏನ ಅಂತ ಅವನ ಕಂಡ ಮ್ಯಾಲೇ ಹೇಳಬೇಕು. ಮೊಣಕೈ ಪಕ್ಕಡಿಗಿ ಹಚ್ಚಿ ಮುಂಗೈ ಹೊರಗ ತಿರುವಿದ್ರ 85 ಡಿಗ್ರಿ ದಾಟಿ ಹೋಗ್ತದೇನ ನೋಡ್ತೀವಿ. ಅದನ್ನ ಬಿಟ್ಟರೂ 9.

— ವಯಸ್ಸಿಂದು 2 ಅಂದಿ. ಇನ್ನ ಎರಡು ವರ್ಷ ತಡದ್ರ 21 ಆಗ್ತಾವ, ಅವೆರಡು ಹೋಗ್ತಾವಲ್ಲ? ಆಗ ತೂತಿಂದು ನಡದೀತೇನು?

— ಕಾಗದದ ಮ್ಯಾಲ 7ಕ್ಕ ಇಳೀತದ, ಅದೂ 6 ದಾಟಿದ್ದೇ. ಆ ಎರಡು ವರ್ಷದಾಗ ಎಷ್ಟ ಸಲ ಕಳಚ್ತದೋ ಅಷ್ಟ ಸಲ ಅಂಚು ಸವೀತದ, ಗುಂಡಿ ಆಳ ಆಗ್ತದ. ಈ ಲೆಕ್ಕಕ್ಕ ಅದೊಂದು ಕಣ್ಣಿಲ್ಲ. ಗೆರಿ ಅಳಿಸ್ಯದೋ ಇಲ್ಲೋ ಅಷ್ಟ ಕೇಳ್ತದ, ಎಷ್ಟ ಅಳಿಸ್ಯದ ಅಂತ ಕೇಳಂಗಿಲ್ಲ. ಅದಕ್ಕ ಸಿ.ಟಿ. ಸ್ಕ್ಯಾನ್ ಬೇಕಾಗ್ತದ. ಬಶಿ ಅಗಲ ಎಷ್ಟ ಉಳದದ, ಹಿಂದಿನ ಗುಂಡಿ ಎಷ್ಟ ಅಗಲ, ತೋಳು ಎತ್ತಿ ಹಿಂದಕ್ಕ ತಿರುವಿದಾಗ ಆ ಗುಂಡಿ ಬಶಿ ಅಂಚಿಗಿ ಸಿಕ್ಕಿಬೀಳ್ತದೋ ಇಲ್ಲೋ, ಮಿಲಿಮೀಟರಿನ್ಯಾಗ ಅಳೀತಾರ. ಜಪಾನಿನವರು ಹಾದಿ ತೋರಿಸಿದ ಲೆಕ್ಕ ಅದು. ಸಿಕ್ಕಿಬೀಳೋ ಗುಂಡಿ ಇದ್ದಾಂವಗ ಬರೇ ಮುಂದಿನ ಹೊಲಿಗಿ ಸಾಲಂಗಿಲ್ಲ.

— ಅಳಿಯಂದು ಹೇಳು. 34 ವಯಸ್ಸು. ಎಪಿಎಂಸಿದಾಗ ಹಮಾಲಿ ಮಾಡ್ತಾನ. ಲಾರಿ ಮ್ಯಾಲ ತೊಗರಿ ಚೀಲ ಏರಸುವಾಗ ಜಾರಿದ ಚೀಲ ತಡೀಲಿಕ್ಕೆ ಹೋಗಿ ಕಳಚಿತ್ತು. ಆಮ್ಯಾಲ ಎರಡು ಸಲ ಆಗ್ಯದ.

— ಅವನ ಎಕ್ಸ್-ರೇದಾಗ ಹಿಂದಿನ ಗುಂಡಿ ಸಣ್ಣಗ ಕಾಣ್ತದ, ಬಶಿ ಗೆರಿ ಪೂರಾ ಅದ. ಆ ಫ್ರೆಂಚ್ ಲೆಕ್ಕದಾಗ ಅವಗ ಬರೋದು ಬರೇ 2. ವಯಸ್ಸಿಗಿ ಸೊನ್ನಿ, ಆಟಕ್ಕ ಸೊನ್ನಿ. ಇಲ್ಲೇ ನೋಡ್ರಿ ಕಾಕಾ, ನನಗ ಸಮಾಧಾನ ಇಲ್ಲದ್ದು. ಆ ಲೆಕ್ಕ ಕೇಳೋದು ನೀ ಏನ ಆಡ್ತಿ ಅಂತ. ಏನ ದುಡೀತಿ ಅಂತ ಕೇಳಂಗಿಲ್ಲ. ನೀಸ್ ಊರಿನ ಮಂದಿಗಿ ಅದು ಸರಿ ಇರಬಹುದು. ನಮ್ಮ ದೇವರ ಹಿಪ್ಪರಗ್ಯಾಗ, ಸಿಂದಗ್ಯಾಗ, ಇಂಡಿ ನಿಂಬಿ ಬಜಾರದಾಗ ರಟ್ಟಿ ಕಳಕೊಳ್ಳೋರು ಯಾರು? ಚೀಲ ಹೊರೋರು, ಕಬ್ಬಿನ ಹೊರಿ ಟ್ರ್ಯಾಕ್ಟರಿಗಿ ಎಸ್ಯೋರು, ಬೆದರಿದ ಎತ್ತಿನ ಹಗ್ಗ ಹಿಡಿಯೋರು. ಮಡಿವಾಳ ಮಾಚಿದೇವರು ಹುಟ್ಟಿದ ಊರು ನಮ್ಮ ದೇವರ ಹಿಪ್ಪರಗಿ. ಅರಿವಿ ತಲಿ ಮ್ಯಾಲ ಎತ್ತಿ ಕಲ್ಲಿಗಿ ಬಡಿಯೋ ತೋಳಿಗಿ ಯಾವ ಕ್ರಿಕೆಟ್ ಬೌಲರನ ತೋಳಿಗಿಂತ ಕಡಿಮಿ ಕೆಲಸ ಅದ ಹೇಳ್ರಿ? ದಿನಾ ಚೀಲ ಹೊರಾಂವನ್ನ ಪಂದ್ಯಕ್ಕ ಇಳಿಯೋ ಆಟಗಾರನ ಸಾಲಿನ್ಯಾಗೇ ನಾ ಕೂಡಸ್ತೀನಿ. ಆಟಕ್ಕ 2, ಮ್ಯಾಲ ಎತ್ತೋ ಕೆಲಸಕ್ಕ 1. ಆಗ ಅಳಿಯಂದು 5 ಆಗ್ತದ. ಇದು ಪುಸ್ತಕದಾಗ ಇಲ್ಲ. ನನ್ನ ತಿಳುವಳಿಕಿ. ಆದ್ರ ಹಂಗ ಎಣಿಸದಿದ್ರ ದುಡಿಯೋ ಮಂದಿಗಿ ಮೋಸ ಆಗ್ತದ.

— 5 ಅಂದ್ರ 6 ದಾಟಲಿಲ್ಲಲ್ಲ.

— ದಾಟಲಿಲ್ಲ, ಆದ್ರ ನಡುವ ನಿಂತದ. 2015ರಾಗ ಬಂದ ಇನ್ನೊಂದು ಅಭ್ಯಾಸದಾಗ 6ರ ತನಕ ಕಾಯಬ್ಯಾಡ್ರಿ, 4 ಮುಟ್ಟಿದ್ರೇ ಸೋಲು ಬಾಳ ಹೆಚ್ಚು ಅಂತ ಕಂಡ್ರು. ಅದಕ್ಕ ಅಳಿಯಗೂ ಸಿ.ಟಿ. ಮಾಡಸ್ರಿ. ಗುಂಡಿ ಅಂಚಿಗಿ ಸಿಗಂಗಿಲ್ಲ, ಬಶಿ ಸವದಿಲ್ಲ ಅಂದ್ರ ದುರ್ಬೀನಿನ ಹೊಲಿಗಿ ಸರಿ. ಅನುಮಾನ ಇದ್ರ ಅದೇ ದುರ್ಬೀನಿಂದ ಹಿಂದಿನ ಸ್ನಾಯು ಆ ಗುಂಡಿಯೊಳಗ ತುಂಬಿ ಹೊಲೀಬಹುದು. ತೋಳು ಹೊರಗ ತಿರಗೋದು ಸ್ವಲ್ಪ ಕಡಿಮಿ ಆಗ್ತದ. ಚೀಲ ಹೊರಲಿಕ್ಕೆ ಅದರಿಂದ ದೊಡ್ಡ ತೊಂದ್ರಿ ಆಗಲಿಕ್ಕಿಲ್ಲ.

— ಇಷ್ಟೆಲ್ಲಾ ಅಳಿಯೋದ್ಯಾಕ? ಗಟ್ಟಿ ಆಪರೇಷನ್ ಯಾವುದದೋ ಅದನ್ನ ಇಬ್ಬರಿಗೂ ಮಾಡಿಬಿಡ್ರಿ.

— ಹಂಗ ಅನ್ನೋ ಸರ್ಜನ್‌ರೂ ಇದ್ದಾರ, ಫ್ರಾನ್ಸಿನ್ಯಾಗಂತೂ ಬಾಳ ಮಂದಿ. ನಿಮ್ಮ ಹುಡುಗಗ ಹೇಳಿದ ಆ ಗಟ್ಟಿ ಆಪರೇಷನ್ 1954ರಾಗ ಲಿಯೋನ್ ಊರಿನ ಲಾತಾರ್ಜೆ ಅನ್ನಾಂವ ಬರದದ್ದು, ಅವನ ಹೆಸರಲೇ ಕರೀತೀವಿ. ಇಲ್ಲಿ ಮುಟ್ಟಿ ನೋಡ್ಕೋರಿ, ಹೆಗಲಿನ ಮುಂದ, ಕಾಲರ್ ಎಲುಬಿನ ಕೆಳಗ ಒಂದು ಗಡ್ಡಿ ಸಿಗ್ತದ, ಒತ್ತಿದ್ರ ನೋಯ್ತದ. ಕಾಗಿ ಚುಂಚಿನಂಥಾ ಎಲುಬು. ಅದರ ತುದಿ, ಅದಕ್ಕ ಅಂಟಿದ ಸ್ನಾಯು ಸುದ್ದ ಕತ್ತರಿಸಿ, ಸವದ ಅಂಚಿನ ಜಾಗಕ್ಕ ತಂದು ಎರಡು ಸ್ಕ್ರೂ ಹಾಕ್ತಾರ. ಬಶಿಗಿ ಹೊಸ ಅಂಚು ಬರ್ತದ. ತೋಳು ಮ್ಯಾಲ ಎತ್ತಿ ಹಿಂದಕ್ಕ ತಿರುವಿದಾಗ ಆ ಸ್ನಾಯು ಮುಂದಿನಿಂದ ಪಟ್ಟಿ ಬಿಗಿದಂಗ ಗುಂಡಗಿನ ತಲಿ ತಡೀತದ. ಕುಸ್ತಿ ಹಿಡಿಯೋ, ಎಲುಬು ಸವದ ಹುಡುಗಗ ಇದಕ್ಕಿಂತ ಛಲೋದು ಸಿಗೋದು ಕಠಿಣ. ಆದ್ರ ಬೆಲಿ ಅದ. ಆ ಎಲುಬಿನ ಮಗ್ಗಲದಾಗೇ ತೋಳಿನ ನರ ಹಾದುಹೋಗ್ತಾವ. ಅವಕ್ಕ ಪೆಟ್ಟು ಬಿದ್ರ ತೋಳು ಎತ್ತೋದು, ಮೊಣಕೈ ಮಡಚೋದು ತ್ರಾಸ ಆಗ್ತದ. ಬಾಳ ಮಂದಿಗಿ ತಿಂಗಳುಗಟ್ಟಲೆ ಆದ ಮ್ಯಾಲ ಸುಧಾರಸ್ತದ, ಎಲ್ಲರಿಗೂ ಅಲ್ಲ. ಎಲುಬು ಕೂಡದ ಉಳೀಬಹುದು, ಸವೀಬಹುದು, ಸ್ಕ್ರೂ ಕೀಲಿಗಿ ತಾಕಬಹುದು. ಒಮ್ಮಿ ಸೋತ್ರ ಎರಡನೇ ಸಲ ಒಳಗ ಹೋಗೋದು ಬಾಳ ತೊಡಕಿನ ಕೆಲಸ. ಎಲುಬು ಸರಿ ಇದ್ದ ಅಳಿಯಗ ಇಷ್ಟು ಗಂಡಾಂತರ ಯಾಕ ಹೊರಸಬೇಕು? ಇತ್ತ ನಿಮ್ಮ ಹುಡುಗಗ ಮೂರು ತೂತ ಹಾಕಿ ಮನಿಗಿ ಕಳಿಸಿ, ವರ್ಷದೊಳಗ ಮತ್ತ ಕಳಚ್ತು ಅಂದ್ರ ಅದೂ ಗಂಡಾಂತರನ. ಚರ್ಮದ ಮ್ಯಾಲ ಕಲಿ ಸಣ್ಣದು ಅಂತ ಆಪರೇಷನ್ ಸಣ್ಣದು ಅನ್ನಕೋಬ್ಯಾಡ್ರಿ.

— ಕ್ರಿಕೆಟಿನ ಶ್ರೇಯಸ್ ಅಯ್ಯರ್ ರಟ್ಟಿಗಿ ಪೆಟ್ಟಾಗಿ ಆಪರೇಷನ್ ಮಾಡಿಸ್ಕೊಂಡ, ಅದೇ ವರ್ಷ ಮತ್ತ ಆಡಿದ ಅಂತ ನಮ್ಮ ಹುಡುಗ ಹೇಳ್ತಿರ್ತಾನ.

— ಹೌದು. 2021ರ ಮಾರ್ಚ್‌ದಾಗ ಪುಣೆದಾಗ ಫೀಲ್ಡಿಂಗ್ ಮಾಡುವಾಗ ಬಿದ್ದದ್ದು. ಏಪ್ರಿಲ್‌ದಾಗ ಆಪರೇಷನ್, ಸೆಪ್ಟೆಂಬರ್‌ದಾಗ ಐಪಿಎಲ್ ಆಡಿದ. ಹುಡುಗಗ ಧೈರ್ಯ ಬರ್ಲಿಕ್ಕೆ ಛಲೋ ಉದಾಹರಣಿ. ಆದ್ರ ಅಯ್ಯರನ ಎಲುಬಿನ ಲೆಕ್ಕ ಬ್ಯಾರೆ, ಇವನ ಲೆಕ್ಕ ಬ್ಯಾರೆ. ಬ್ಯಾಟ್ ಬೀಸೋದು, ಎದುರಾಳಿ ತೋಳು ತಿರುವಿ ಮಣ್ಣಿಗಿ ಒತ್ತೋದು, ಎರಡೂ ಒಂದಲ್ಲ.

— ನಮ್ಮ ಬೀಗತಿಗೂ ಮೆಟ್ಟಲ ಜಾರಿ ಬಿದ್ದು ರಟ್ಟಿ ಕಳಚಿತ್ತು, 58 ವಯಸ್ಸು. ಕೂಡಿಸ್ಯಾರ, ಆದ್ರ ಇನ್ನೂ ತೋಳು ಎತ್ತಲಿಕ್ಕೆ ಆಗವಲ್ದು.

— ಆ ವಯಸ್ಸಿನ್ಯಾಗ ಮತ್ತ ಕಳಚೋ ಚಿಂತಿ ಕಡಿಮಿ, ತೋಳು ಎತ್ತೋ ಸ್ನಾಯು ಹರದಿರೋ ಚಿಂತಿ ಹೆಚ್ಚು. ನರಕ್ಕೂ ಪೆಟ್ಟಾಗಿರಬಹುದು. ಎಂಆರ್‌ಐ ಇಲ್ಲಾ ಸ್ಕ್ಯಾನಿಂಗ್ ಬೇಕು. ಅವರನ್ನ ತಡ ಮಾಡದ ಕರಕೊಂಡು ಹೋಗ್ರಿ. ಅವರದು ಬ್ಯಾರೇನ ಕಥಿ. ಹುಡುಗಗ ಫಿಟ್ಸ್ ಏನಾರ ಬರ್ತಾವೇನು?

— ಇಲ್ಲಪ್ಪ. ಯಾಕ?

— ನಿದ್ದ್ಯಾಗ ಕಳಚ್ತದ ಅಂದ್ರಲ್ಲ, ಅದಕ್ಕ ಕೇಳಬೇಕಾಗ್ತದ. ಫಿಟ್ಸ್ ಬಂದಾಗ ಮೈ ಸೆಟೆದು ರಟ್ಟಿ ಕಳಚಿದವರನ್ನ ನಾ ನೋಡೀನಿ, ಮನ್ಯಾಗ ಯಾರೂ ಹೇಳಿರಂಗಿಲ್ಲ, ಮದಿವಿ ಆಗಬೇಕಾದ ಹುಡುಗ ಅಂತ ಮುಚ್ಚಿಟ್ಟಿರ್ತಾರ. ಮೊದಲು ಗುಳಿಗಿ ಕೊಟ್ಟು ಫಿಟ್ಸ್ ನಿಲ್ಲಿಸದ ರಟ್ಟಿಗಿ ಕೈ ಹಚ್ಚಿದ್ರ, ಎಂಥಾ ಗಟ್ಟಿ ಸ್ಕ್ರೂ ಆದ್ರೂ ಕಿತ್ಕೊಂಡು ಬರ್ತದ. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಹುಡುಗ ಗುಟ್ಕಾ ತಿಂತಾನೇನು?

— ...ತಿಂತಾನ. ನಮ್ಮ ಮುಂದ ತಿನ್ನಂಗಿಲ್ಲ.

— ಲಾತಾರ್ಜೆ ಅಂದ್ರ ಎಲುಬು ಎಲುಬಿಗಿ ಬೆಸಿಯೋ ಆಪರೇಷನ್. ತಂಬಾಕಿನ ನಿಕೋಟಿನ್ ಎಲುಬು ಕೂಡೋದನ್ನ ಕೆಡಿಸ್ತದ. ಆಪರೇಷನ್ನಿಗಿ ಮೊದಲ ಕೆಲವು ವಾರ, ಆಮ್ಯಾಲ ಎಲುಬು ಕೂಡಿದ್ದು ಎಕ್ಸ್-ರೇದಾಗ ಕಾಣೂತನಕ ಪೂರಾ ಬಿಡಬೇಕು. ಬಿಡಂಗಿಲ್ಲ ಅಂದ್ರ ಅದನ್ನೂ ಗಂಡಾಂತರದ ಲೆಕ್ಕಕ್ಕ ಸೇರಸಬೇಕಾಗ್ತದ. ಇದಕ್ಕಿಂತ ದೊಡ್ಡ ಪ್ರಶ್ನಿ ಒಂದದ ಕಾಕಾ. ಕುಸ್ತಿ ಮುಂದ ಹಿಡೀತಾನೋ ಬಿಡ್ತಾನೋ, ಹುಡುಗಗ ಕೇಳೀರೇನು?

— ಅವಗೇನ ಕೇಳೋದು? ನಾನೂ ಹಿಡದಾಂವ, ನಮ್ಮಪ್ಪನೂ ಹಿಡದಾಂವ.

— ಕೇಳ್ರಿ. 9 ಅಂಕದಾಗ 3 ಅಂಕ ಅವನ ಕುಸ್ತಿದವ. ವಯಸ್ಸು ಬದಲಿ ಮಾಡ್ಲಿಕ್ಕೆ ಆಗಂಗಿಲ್ಲ, ಸವದ ಎಲುಬು ತಾನ ಬೆಳ್ಯಂಗಿಲ್ಲ. ಅವನ ಕೈಯಾಗ ಇರೋದು ಈ ಮೂರ ಅಂಕ ಅಷ್ಟ. ಕುಸ್ತಿ ಬಿಟ್ಟರೂ ಇವನ ಎಲುಬಿಗಿ ಲಾತಾರ್ಜೆ ಬೇಕಾದೀತು ಅಂತ ನನ್ನ ಅಂದಾಜು, ಸಿ.ಟಿ. ನೋಡಿ ಖಾತ್ರಿ ಹೇಳ್ತೀನಿ. ಆದ್ರ ಹಿಡೀಬೇಕು ಅಂತ ಅವನ ಮನಸ್ಸಿನ್ಯಾಗ ಇದ್ರ ಅದಕ್ಕ ತಕ್ಕ ತಯಾರಿ, ಬಿಡಬೇಕು ಅಂತ ಇದ್ದು ನಿಮ್ಮ ಅಂಜಿಕಿಗಿ ಹೇಳವಲ್ಲ ಅಂದ್ರ ಅದೂ ನಮಗ ಗೊತ್ತಿರಬೇಕು. ತಪಾಸಣಿ ಮಾಡುವಾಗ ಹುಡುಗರನ್ನ ಮಲಗಿಸಿ ತೋಳು ಹೊರಗ ಎತ್ತಿ ಮೆಲ್ಲಕ ಹಿಂದಕ್ಕ ತಿರುವ್ತೀನಿ. ಒಂದು ಹಂತಕ್ಕ ಬಂದ ಕೂಡ್ಲೆ ಮಾರಿ ಬಿಳಿಚ್ತದ, ಇನ್ನೊಂದು ಕೈಲೇ ನನ್ನ ಮುಂಗೈ ಗಟ್ಟಿಯಾಗಿ ಹಿಡೀತಾರ. ನೋವಿಗಲ್ಲ, ಕಳಚೀತು ಅನ್ನೋ ಅಂಜಿಕಿಗಿ. ನಿಮ್ಮ ಹುಡುಗ ಆ ಅಂಜಿಕಿ ಇಟ್ಕೊಂಡೇ ದಿನಾ ಅಂಗಿ ಹಾಕ್ತಾನ, ಬಸ್ ಹತ್ತತಾನ. ಅವಗ ಏನ ಬೇಕು ಅಂತ ಅವನ ಬಾಯಿಲೇ ಕೇಳಬೇಕು.

— ಆತು, ಕೇಳ್ತೀನಿ. ರೊಕ್ಕದ್ದು ಹ್ಯಾಂಗ?

— ನಿಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಅದ. ಮೊದಲ ಸರ್ಕಾರಿ ದವಾಖಾನ್ಯಾಗ ತೋರಿಸಿ, ಈ ಆಪರೇಷನ್ ಅದರಾಗ ಬರ್ತದೇನ ಕೇಳಿ, ಅವರ ಚೀಟಿ ತಗೊಂಡೇ ಮುಂದ ಹೋಗ್ರಿ. ಆಂಕರ್ ತುಟ್ಟಿ, ಸ್ಕ್ರೂ ಸೋವಿ ಅಂತ ಯಾರಾರ ಆಪರೇಷನ್ ಬದಲಿ ಮಾಡ್ಲಿಕ್ಕೆ ಹೇಳಿದ್ರ ಒಪ್ಪಬ್ಯಾಡ್ರಿ. ಮತ್ತ ಲಾತಾರ್ಜೆ ಮಾಡೋ ಸರ್ಜನ್‌ಗ, ನೀವ ಇಂಥಾವು ಎಷ್ಟ ಮಾಡೀರಿ ಅಂತ ನಾಚದ ಕೇಳ್ರಿ. ನರದ ಮಗ್ಗಲದಾಗ ಕೈ ಆಡಸೋ ಕೆಲಸ, ರೂಢಿ ಇದ್ದವರೇ ಮಾಡಬೇಕು.

— ಅಳಿಯಂದು ಯಾವಾಗ ಮಾಡಸೋಣ? ಸಂಕ್ರಾಂತಿ ಹಿಂದ ಮುಂದ ತೊಗರಿ ಬರ್ತದ. ಮೂರು ತಿಂಗಳ ಹಮಾಲಿ ಮ್ಯಾಲ ಅವನ ವರ್ಷದ ಸಂಸಾರ ನಿಂತದ.

— ಈಗ ಹೊಲಿಸಿದ್ರ ನಾಲ್ಕಾರು ವಾರ ಜೋಳಿಗಿ, ಐದಾರು ತಿಂಗಳು ಚೀಲ ಮುಟ್ಟೋದಿಲ್ಲ. ಸುಗ್ಗಿ ಪೂರಾ ಹೋಗ್ತದ. ಅರ್ಧಕ್ಕ ಬಿಟ್ಟು ಚೀಲ ಹೊತ್ತರ ಹೊಲಿಗಿ ಹೋಗ್ತದ. ಅವನ ಅಂಚು ಸವದಿಲ್ಲ ಅಂತ ಸಿ.ಟಿ. ಹೇಳಿದ್ರ ಸುಗ್ಗಿ ಮುಗಿಯೂತನಕ ಕಾಯಬಹುದು. ಆದ್ರ ಲಾರಿ ಏರಸೋ ಕೆಲಸ ಬ್ಯಾಡ. ಅಡತಿ ಅಂಗಡ್ಯಾಗ ತೂಕದ ಹತ್ರ ನಿಲ್ಲೋದು, ಚೀಲದ ಬಾಯಿ ಹೊಲಿಯೋದು, ಅಂಥಾದ್ದು ಸಿಗ್ತದೇನು?

— ಅಡತಿ ಸಾವಕಾರ ನಮ್ಮ ಕೂಡ ತಾಲೀಮ ಮಾಡಿದಾಂವ. ಚೀಲ ಹೊಲಿಯೋದು ಕೊಡ್ತಾನ, ಕೂಲಿ ಮಾತ್ರ ಕಡಿಮಿ ಬೀಳ್ತದ.

— ಎಷ್ಟ ಕಡಿಮಿ ಬೀಳ್ತದ ಅಂತ ಇವತ್ತೇ ಕೇಳಿಬಿಡ್ರಿ, ಅದನ್ನ ನೋಡಿ ತಾರೀಕು ಹಿಡಿಯೋಣ. ಹುಡುಗಂದು ಮಾತ್ರ ಸುಗ್ಗಿ ದಾರಿ ಕಾಯೋದು ಬ್ಯಾಡ. ಸಿ.ಟಿ. ಈ ವಾರದಾಗೇ ಆಗಲಿ. ಬರುವಾಗ ಅವನ್ನ ಒಬ್ಬನ್ನೇ ಕಳಸ್ರಿ ಕಾಕಾ, ನೀವು ಹೊರಗ ಕೂಡ್ರಿ.